ಸೈಕಲ್ ನುಸುಳುವಷ್ಟು ಸಂದು

ಜಯನಗರದಲ್ಲಿ 2012ರಲ್ಲಿ ಸೈಕಲ್ಲಿಗೆಂದೇ ಪಥ ಮಾಡಿದರು. ಬೆಂಗಳೂರಿನ ಮಟ್ಟಿಗೆ ಅದು ಹೊಸ ಸಾಹಸ. ಅಗಲವಾದ ರಸ್ತೆಗಳು, ಎರಡೂ ಬದಿಗೆ ದೊಡ್ಡ ಮರಗಳು, ನಡೆದು ಹೋಗುವಷ್ಟು ದೂರದಲ್ಲೇ ಶಾಲೆ, ಕಾಲೇಜು, ಮಾರುಕಟ್ಟೆ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಬಡಾವಣೆ ಊರೆಲ್ಲ ಹುಡುಕಿದರೂ ಸಿಗುವುದು ಕಷ್ಟ. ಆದರೆ ಪಥ ಸಿದ್ಧವಾದದ್ದೇ ತಡ, ಕಾರುಗಳು ಬಂದು ನಿಂತವು. ನೆರಳಿದೆ, ಓಡಾಟದಿಂದ ತುಸು ಪಕ್ಕಕ್ಕಿದೆ, ಯಾರೂ ಕೇಳುವುದಿಲ್ಲ. ಕಾರು ನಿಲ್ಲಿಸಲು ಇನ್ನೇನು ಬೇಕು? ಅವುಗಳ ಹಿಂದೆಯೇ ಎಳನೀರಿನ ರಾಶಿ, ಇಸ್ತ್ರಿ ಗಾಡಿ, ಮನೆ ಕಟ್ಟಿಸುವವರ ಜಲ್ಲಿ-ಮರಳು ಬಂದವು. ಸೈಕಲ್ಲಿನವನು ಮಾತ್ರ ಎಂದಿನಂತೆ ಬಿಎಂಟಿಸಿ ಬಸ್ಸಿನ ಪಕ್ಕೆಗೆ ಮೊಣಕೈ ತಾಗೀತೇ ಎಂದು ನೋಡಿಕೊಳ್ಳುತ್ತ ರಸ್ತೆಯಲ್ಲೇ ಉಳಿದ.

ಈ ಊರಿಗೆ ಸೈಕಲ್ ಹೊಸದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಏಪ್ರಿಲ್ ಕಳೆದರೆ ಮತ್ತೆ ತಂಪು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಖಾನೆಗಳ ಪಾಳಿ ಬಿಟ್ಟರೆ ಗೇಟಿನಿಂದ ಸೈಕಲ್ಲುಗಳ ಸಾಲೇ ಹೊರಡುತ್ತಿದ್ದ ಕಾಲವೊಂದಿತ್ತು. ಬೀದಿಗೊಂದು ಬಾಡಿಗೆ ಸೈಕಲ್ ಅಂಗಡಿ. ಸೀಟು ಎಟುಕದ ಹುಡುಗರು ಒಳಪೆಡ್ಲು ತುಳಿದು ಮಂಡಿ ತರಚಿಕೊಂಡೇ ಕಲಿಯಬೇಕು. ಡೈನಮೊ ದೀಪ ಉರಿಯದಿದ್ದರೆ ಪೊಲೀಸಿನವನು ಹಿಡಿಯುತ್ತಾನೆಂಬ ಭಯ, ಡಬಲ್ಸ್ ಹೊರಟರಂತೂ ದೂರದಲ್ಲಿ ಖಾಕಿ ಕಂಡ ಕೂಡಲೇ ಹಿಂದಿನವನು ಧುಮುಕಬೇಕು. ಸೈಕಲ್ಲಿನವನಿಂದಲೂ ದಂಡ ವಸೂಲು ಮಾಡುತ್ತಿದ್ದರು ಎಂದರೆ ಅವನನ್ನೂ ಒಂದು ವಾಹನವೆಂದು ಲೆಕ್ಕಕ್ಕೆ ಹಿಡಿದಿದ್ದರು ಎಂದಾಯಿತು. ಆಮೇಲೆ ಆ ಮರ್ಯಾದೆಯೂ ಹೋಯಿತು.

ಈಗ ಸೈಕಲ್ಲಿನವರು ಎರಡು ಬಗೆ. ಭಾನುವಾರ ನಸುಕಿಗೇ ಎದ್ದು ನಂದಿ ಬೆಟ್ಟ ಹತ್ತುವವರು ಒಂದು. ಇವರಲ್ಲಿ ಕೆಲವರ ಸೈಕಲ್ಲು ಬೆಟ್ಟದ ಬುಡದವರೆಗೆ ಕಾರಿನ ನೆತ್ತಿಯ ಮೇಲೆ ಕುಳಿತು ಬರುತ್ತದೆ. ತುಳಿಯುವ ಸರದಿ ಆಮೇಲೆ. ಇನ್ನೊಂದು ಬಗೆಯವರಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಪೇಪರ್ ಹಾಕುವ ಹುಡುಗರು, ಅಪಾರ್ಟ್‌ಮೆಂಟಿನ ರಾತ್ರಿಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಹೊರಟ ಸೆಕ್ಯುರಿಟಿಯವರು, ಕ್ಯಾರಿಯರಿನ ಮೇಲೆ ದೊಡ್ಡ ಫ್ಲಾಸ್ಕು, ಹ್ಯಾಂಡಲ್ಲಿಗೆ ಪೇಪರ್ ಕಪ್ಪಿನ ಚೀಲ ಕಟ್ಟಿಕೊಂಡು ಟೆಕ್‌ಪಾರ್ಕಿನ ಗೇಟಿನಲ್ಲಿ ಚಹಾ ಮಾರುವವರು. ಸೈಕಲ್ ದಾರಿ ಬೇಕೆಂದು ಸಭೆಯಲ್ಲಿ ಮಾತಾಡುವವರು ಹೆಚ್ಚಾಗಿ ಮೊದಲ ಬಗೆಯವರು. ಆ ದಾರಿ ದಿನಾ ಬೇಕಾದದ್ದು ಎರಡನೆಯವರಿಗೆ.

ಮಾತಾಡುವವರನ್ನು ಹಗುರವಾಗಿ ಕಾಣಬೇಕಿಲ್ಲ. ಅವರಿಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಬಿವೈಸಿಎಸ್ ಎಂಬ ಸಂಸ್ಥೆ ಲೋಕದ ನಗರಗಳಲ್ಲಿ ‘ಬೈಸಿಕಲ್ ಮೇಯರ್’ಗಳನ್ನು ನೇಮಿಸುತ್ತದೆ. ಸಂಬಳವಿಲ್ಲ, ಸರಪಳಿಯಿಲ್ಲ, ಕೆಂಪುದೀಪದ ಕಾರಂತೂ ಇಲ್ಲವೇ ಇಲ್ಲ. ಬೆಂಗಳೂರಿಗೆ ಆ ಪಟ್ಟ ಬಂದದ್ದು ಸತ್ಯ ಶಂಕರನ್ ಅವರಿಗೆ, 2018ರಲ್ಲಿ. ಅದೇ ವರ್ಷ ಶುರುವಾದ ‘ಸೈಕಲ್ ಟು ವರ್ಕ್’ ಅಭಿಯಾನದ ಉಪಾಯ ಸರಳವಾದದ್ದು: ಕಚೇರಿಗೆ ಸೈಕಲ್ಲಿನಲ್ಲಿ ಹೋದವರ ಸವಾರಿ ಮೊಬೈಲ್ ಆ್ಯಪಿನಲ್ಲಿ ದಾಖಲಾಗುತ್ತದೆ, ಯಾವ ಕಂಪನಿಯವರು ಎಷ್ಟು ತುಳಿದರು ಎಂಬ ಪಟ್ಟಿ ತಯಾರಾಗುತ್ತದೆ, ಕಂಪನಿಗಳ ನಡುವೆ ಪೈಪೋಟಿ ಹತ್ತುತ್ತದೆ. ‘ಸೈಕಲ್ ತುಳಿಯುವವರು ಎಲ್ಲಿದ್ದಾರ್ರೀ?’ ಎನ್ನುವ ಅಧಿಕಾರಿಯ ಮೇಜಿನ ಮೇಲೆ ಹಾಳೆಯೊಂದನ್ನು ಇಡಬಹುದು. ಸರ್ಕಾರಿ ಕಚೇರಿಯಲ್ಲಿ ಅಂಕಿಗೆ ಸಿಗುವ ಕುರ್ಚಿ ಅರ್ಜಿದಾರನಿಗೆ ಸಿಗುವುದಿಲ್ಲ. ಕೊರತೆಯೆಂದರೆ, ರಾತ್ರಿಪಾಳಿಯ ಸೆಕ್ಯುರಿಟಿಯವನ ಸವಾರಿ ಯಾವ ಆ್ಯಪಿನಲ್ಲೂ ಬೀಳುವುದಿಲ್ಲ.

ಹೊರವರ್ತುಲ ರಸ್ತೆಯ ಕತೆಯಲ್ಲಿ ಈ ಕೊರತೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರ್ ಉದ್ದದ, ಐಟಿ ಕಚೇರಿಗಳಿಂದ ತುಂಬಿದ ಈ ಭಾಗದಲ್ಲಿ 2019ರಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥ ಬಂತು. ಮರುವರ್ಷ, ಕೊರೊನಾ ಕಾಲದಲ್ಲಿ, ನಗರ ಭೂಸಾರಿಗೆ ನಿರ್ದೇಶನಾಲಯ, ಅಂದರೆ ಡಲ್ಟ್, ಮುಂದೆ ನಿಂತು ಸೈಕಲ್ಲಿಗೂ ತಾತ್ಕಾಲಿಕ ಪಥ ಮಾಡಿಸಿತು. ಬಣ್ಣದ ಗೆರೆ, ಅದರ ಮೇಲೆ ಸಾಲಾಗಿ ಬೊಲಾರ್ಡು ಎಂಬ ಗಿಡ್ಡ ಕಂಬಗಳು. ರಸ್ತೆ ಅಗೆಯುವುದು ಬೇಡ, ವರ್ಷಗಟ್ಟಲೆ ಟೆಂಡರ್ ಬೇಡ. ಹಾಕಿ ನೋಡೋಣ, ಸರಿಹೋಗದಿದ್ದರೆ ಬದಲಿಸೋಣ ಎಂಬ ಲೆಕ್ಕ. ಲೆಕ್ಕ ತಪ್ಪೇನಲ್ಲ.

ಗೋಜಲೆಲ್ಲ ಬೊಲಾರ್ಡುಗಳ ನಡುವಿನ ಸಂದಿನದು. ಸಾದಾ ಸೈಕಲ್ಲಿನ ಹ್ಯಾಂಡಲ್ಲು ಸುಮಾರು 60 ಸೆಂಟಿಮೀಟರ್ ಅಗಲ, ಸ್ಕೂಟರಿನದು 70ರ ಆಸುಪಾಸು. ಸೈಕಲ್ಲು ಸಲೀಸಾಗಿ ಒಳಹೋಗುವಷ್ಟು ಬಿಟ್ಟರೆ ಸ್ಕೂಟರೂ ಒಳಗೆ. ಬೆಂಗಳೂರಿನ ಸ್ಕೂಟರಿನವನಿಗೆ ಟ್ರಾಫಿಕ್ಕಿನಲ್ಲಿ ಖಾಲಿ ಜಾಗ ಕಂಡರೆ ಕೈ ತಾನಾಗಿ ಆ ಕಡೆ ತಿರುಗುತ್ತದೆ. ಸರಿ, ಸಂದು ಕಿರಿದು ಮಾಡೋಣವೆಂದರೆ? ರೇಸ್ ಸೈಕಲ್ಲಿನ ಎಂಜಿನಿಯರು ಮೈ ಸಣ್ಣಗೆ ಮಾಡಿಕೊಂಡು ನುಸುಳಿಯಾನು. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ನೇತುಹಾಕಿಕೊಂಡವನು ಸ್ಕೂಟರಿಗಿಂತ ಅಗಲ. ಫ್ಲಾಸ್ಕಿನವನು ಇಳಿದು, ವಾಲಿಸಿ, ತಳ್ಳಿಕೊಂಡೇ ದಾಟಬೇಕು. ಗಾಲಿಕುರ್ಚಿಯ ಮಾತಂತೂ ಬೇಡ. ಹೀಗಾಗಿ ಸ್ಕೂಟರನ್ನು ತಡೆಯುವ ಸಂದು ಮೊದಲು ತಡೆಯುವುದು ಹೊಟ್ಟೆಪಾಡಿಗೆ ಸೈಕಲ್ ತುಳಿಯುವವನನ್ನೇ. ಕಂಬದಿಂದ ಬಗೆಹರಿಯುವ ಕೆಲಸ ಇದಲ್ಲ. ಸಂದು ಅಗಲವಾಗಿಯೇ ಇರಲಿ, ಒಳನುಗ್ಗಿದ ಸ್ಕೂಟರಿನವನಿಗೆ ಪ್ರತಿಸಲವೂ ದಂಡ ಬೀಳಲಿ ಎನ್ನಬೇಕು. ಹಾಗೆನ್ನುವುದು ಸುಲಭ; ಸಿಗ್ನಲ್ ಕೆಟ್ಟಿರುವ ಜಂಕ್ಷನ್ನಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತ ಒಬ್ಬ ಕಾನ್‌ಸ್ಟೆಬಲ್ಲು ಸೈಕಲ್ ಪಥದ ಕಡೆ ತಿರುಗಿ ನೋಡಬೇಕಲ್ಲ!

ಈ ಚರ್ಚೆ ಮುಗಿಯುವ ಮೊದಲೇ ಮೆಟ್ರೊ ಬಂತು. ಹೊರವರ್ತುಲದ ಮಾರ್ಗಕ್ಕೆ ಕೇಂದ್ರ ಸಂಪುಟ 2021ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಕಂಬ ಎಬ್ಬಿಸಲು ಬ್ಯಾರಿಕೇಡು ನಿಂತವು, ಬೊಲಾರ್ಡುಗಳು ಕಿತ್ತುಹೋದವು. ಬಸ್ಸಿನ ಪಥವೂ ಸೈಕಲ್ ಪಥವೂ ಜೊತೆಯಲ್ಲೇ ಮುಗಿದವು.

ಆ ಸೈಕಲ್ ಪಥ ಬಂದ 2020ರ ವರ್ಷವೇ ವಿಚಿತ್ರ. ಬಸ್ಸು ಹತ್ತಲು ಹೆದರಿದ ಜನ ಅಟ್ಟದ ಮೇಲಿನ ಸೈಕಲ್ ಇಳಿಸಿ ಧೂಳು ಒರೆಸುತ್ತಿದ್ದಾಗ, ಜೂನ್ 3ರ ವಿಶ್ವ ಬೈಸಿಕಲ್ ದಿನದಂದೇ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಬಾಗಿಲು ಮುಚ್ಚಿತು. ನವೆಂಬರಿನಿಂದ ಮರುವರ್ಷದ ಫೆಬ್ರುವರಿಯವರೆಗೆ ಚರ್ಚ್ ಸ್ಟ್ರೀಟಿಗೆ ವಾರಾಂತ್ಯದಲ್ಲಿ ವಾಹನ ಬಿಡಲಿಲ್ಲ. ಜನ ರಸ್ತೆಯ ನಟ್ಟನಡುವೆ ನಡೆದಾಡಿ ಫೋಟೊ ತೆಗೆಸಿಕೊಂಡರು.

ಕಾಡುದಾರಿಗೆ ಬಂದರೆ ಸೈಕಲ್ಲಿನವರ ಬೇಡಿಕೆಯೇ ಉಲ್ಟಾ. ಕನಕಪುರ ರಸ್ತೆಯ ಬಳಿ ತುರಹಳ್ಳಿ ಕಾಡಿದೆ. ಬಂಡೆ, ಕುರುಚಲು, ನಡುವೆ ಮಣ್ಣಿನ ಕಾಲುದಾರಿಗಳು. ಗುಡ್ಡಗಾಡು ಸೈಕಲ್ ಕಲಿಯುವವರಿಗೆ ಬಹಳ ಕಾಲದಿಂದ ಅದೇ ಗರಡಿ. 2021ರ ಫೆಬ್ರುವರಿಯಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಮಾತು ಬಂದಾಗ ಸೈಕಲ್ಲಿನವರು, ಓಡುವವರು, ಬಂಡೆ ಹತ್ತುವವರು, ಹಕ್ಕಿ ನೋಡುವವರು ಎಲ್ಲ ಸೇರಿ ವಿರೋಧಿಸಿದರು. ಊರೊಳಗೆ ‘ದಾರಿ ಮಾಡಿ ಕೊಡಿ’ ಎಂದು ವರ್ಷಗಟ್ಟಲೆ ಅಲೆದವರು ಇಲ್ಲಿ ‘ದಯವಿಟ್ಟು ಏನೂ ಮಾಡಬೇಡಿ’ ಎಂದರು. ಎರಡೂ ಒಂದೇ ವಿವೇಕದ ಮಾತು.

ಮೈಸೂರು ಬೇರೆ ದಾರಿ ಹಿಡಿಯಿತು. ಪಥದ ಗೊಡವೆಗಿಂತ ಮೊದಲು ಸೈಕಲ್ಲನ್ನೇ ಬೀದಿಗಿಳಿಸಿತು. 2017ರ ಜೂನ್‌ನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ಗೆ 450 ಸೈಕಲ್ಲು, 48 ನಿಲ್ದಾಣ. ಕಾರ್ಡು ತೋರಿಸಿ ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದಿತ್ತು. ಅರಮನೆ ನೋಡಲು ಬಂದವರಿಗೂ ಕಾಲೇಜಿನ ಹುಡುಗರಿಗೂ ಹಿಡಿಸುವ ಏರ್ಪಾಟು, ಮೈಸೂರಿನ ನಿಧಾನಕ್ಕೂ ಒಪ್ಪುತ್ತಿತ್ತು. ಬೆಂಗಳೂರಿನಲ್ಲೂ ಆ ವರ್ಷವೇ ಬಾಡಿಗೆ ಸೈಕಲ್ ಕಂಪನಿಗಳು ತಲೆಯೆತ್ತಿದವು. ಇಲ್ಲಿನ ಯುಲು ಸಾದಾ ಸೈಕಲ್ಲಿನಿಂದ ಶುರುಮಾಡಿ ಬ್ಯಾಟರಿ ಗಾಡಿಗೆ ಹೊರಳಿತು. ಈಗ ಅದರ ಮೇಲೆ ಕಾಣುವುದು ಹೆಚ್ಚಾಗಿ ಡೆಲಿವರಿ ಹುಡುಗರು.

ರಾಜ್ಯ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಹಳ್ಳಿಯ ಹುಡುಗಿಯರು ಗುಂಪು ಕಟ್ಟಿಕೊಂಡು ಹೈಸ್ಕೂಲಿಗೆ ಹೋಗುವ ನೋಟ ಆ ಯೋಜನೆಯ ಕೊಡುಗೆ. ಸೈಕಲ್ ಕೊಟ್ಟ ಸರ್ಕಾರಕ್ಕೆ ಅದು ಓಡುವ ದಾರಿಯ ಬಗ್ಗೆ ಕಾನೂನು ಬೇಕೆನ್ನಿಸಲು ಒಂದೂವರೆ ದಶಕ ಹಿಡಿಯಿತು. ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿನ ಮಸೂದೆಯ ಕರಡನ್ನು ಡಲ್ಟ್ 2022ರ ಹೊತ್ತಿಗೆ ಜನರ ಮುಂದಿಟ್ಟಿತು. ಕರಡು ಕಾಯಿದೆಯಾಗುವ ವೇಗ ಸಿಲ್ಕ್ ಬೋರ್ಡಿನ ಸಂಜೆಯ ವೇಗಕ್ಕಿಂತ ಹೆಚ್ಚೇನಲ್ಲ.

ನಮ್ಮ ಮೆಟ್ರೊ 2020ರಲ್ಲಿ ಮಡಚುವ ಸೈಕಲ್ಲನ್ನು ಬೋಗಿಯೊಳಗೆ ಒಯ್ಯಲು ಬಿಟ್ಟಿತು. ಒಳ್ಳೆಯದೇ. ಆದರೆ ಮಡಚುವ ಸೈಕಲ್ಲಿನ ಬೆಲೆಯಲ್ಲಿ ಸೆಕ್ಯುರಿಟಿಯವನು ಎರಡು ಸಾದಾ ಸೈಕಲ್ ಕೊಂಡಾನು, ಅವನ ಕಬ್ಬಿಣದ ಸೈಕಲ್ಲು ಮಡಚುವಂಥದ್ದೂ ಅಲ್ಲ. ಅವನಿಗೆ ಬೇಕಾದದ್ದು ನಿಲ್ದಾಣದ ಮೆಟ್ಟಿಲ ಕೆಳಗೆ ಮಳೆ ಬೀಳದ ಜಾಗ, ಸರಪಳಿ ಬಿಗಿಯಲು ನೆಲಕ್ಕೆ ನೆಟ್ಟ ಕಬ್ಬಿಣದ ಕಂಬಿ, ಬೈಕುಗಳಿಗೆ ಬಿಟ್ಟುಕೊಡದ ಕಾವಲು. ಹೊರವರ್ತುಲದ ನಿಲ್ದಾಣಗಳ ನಕ್ಷೆ ಹಿಡಿದು ಸೈಕಲ್ ಪರ ಮಾತಾಡುವವರು ಮುಂದಿನ ಸಭೆಗೆ ಹೊರಟಾಗ ಅರ್ಜಿಯ ಮೊದಲ ಸಾಲು ಇದೇ ಆಗಿರಲಿ. ಸಂದಿನ ಅಳತೆ ತೆಗೆಯುವ ದಿನ ಫ್ಲಾಸ್ಕಿನವನನ್ನೂ ಅವನ ಸೈಕಲ್ ಸಮೇತ ಕರೆದುಕೊಂಡು ಹೋಗಲಿ.