ಅಂಚಿನಲ್ಲಿದ್ದ ಹೆಸರು

ವಿಲ್‌ಫ್ರೆಡ್ ಓವೆನ್ ಮ್ಯಾಂಚೆಸ್ಟರ್ ರೆಜಿಮೆಂಟಿನ ಅಧಿಕಾರಿಯಾಗಿದ್ದ. ಅವನ ಯುದ್ಧಕವಿತೆಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು, ಆ ರೆಜಿಮೆಂಟಿನ ಟೋಪಿಯ ಬ್ಯಾಡ್ಜ್ ಹೇಗಿತ್ತೆಂದು ಹುಡುಕುತ್ತಾ ಹರಾಜಿನ ಫೋಟೋಗಳ ಲೋಕಕ್ಕೆ ಬಿದ್ದೆ. ಒಂದು ಬ್ಯಾಡ್ಜ್ 1916ರಲ್ಲಿ ಫ್ರಾನ್ಸಿನ ಸೋಮ್ ರಣರಂಗದಲ್ಲಿ ಸಿಕ್ಕಿದ್ದೆಂದು ಬರೆದಿದ್ದರು. ಅದರ ಮೇಲಿದ್ದದ್ದು ಲಿಲ್ಲಿ ಹೂವಿನ ಗುರುತು. ಆದರೆ ಆ ರೆಜಿಮೆಂಟು ಲಿಲ್ಲಿ ಹೂವಿಗೆ ಬದಲಾದದ್ದು 1923ರಲ್ಲಿ. ಯುದ್ಧಕಾಲದಲ್ಲಿ ತೊಡುತ್ತಿದ್ದದ್ದು ಮ್ಯಾಂಚೆಸ್ಟರ್ ನಗರದ ಲಾಂಛನ. ಲೋಹ ಅಸಲಿಯೇ ಇರಬಹುದು, ಕಥೆ ನಕಲಿ. (ಹಳೆಯ ಅಚ್ಚಿನಲ್ಲೇ ಈಚೆಗೆ ಒತ್ತಿದ ಬ್ಯಾಡ್ಜುಗಳೂ ಇವೆ. ಅವುಗಳ ಮುಂದೆ ಪಳಗಿದವರೂ ತಡವರಿಸುತ್ತಾರೆ.)

ನನ್ನನ್ನು ಕಾಡಿದ್ದು ಮಾತ್ರ ಪದಕಗಳು. ಬ್ಯಾಡ್ಜಿಗೆ ಹೆಸರಿಲ್ಲ. ಆ ಯುದ್ಧದ ಬ್ರಿಟಿಷ್ ಬೆಳ್ಳಿ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಒತ್ತಿರುತ್ತಾರೆ. ಸೋಮ್ ಕದನದ ಮೊದಲ ದಿನ, 1916ರ ಜುಲೈ 1ರಂದು, ಸತ್ತವನ ಪದಕಕ್ಕೆ ಬೆಲೆ ಹೆಚ್ಚು. ಹಾಗಾಗಿ ಬದುಕಿ ಮನೆಗೆ ಮರಳಿದವನ ಹೆಸರನ್ನು ಅರದಿಂದ ಉಜ್ಜಿ, ಸತ್ತವನ ಹೆಸರು ಹಾಕುವವರಿದ್ದಾರೆ. ಉಜ್ಜಿದಾಗ ಪದಕದ ವ್ಯಾಸ ಕೂದಲೆಳೆಯಷ್ಟು ತಗ್ಗುತ್ತದೆ. ಕ್ಯಾಲಿಪರ್ ಇಟ್ಟರೆ ಮೋಸ ಸಿಕ್ಕಿಬೀಳುತ್ತದೆ.

ಸಿಕ್ಕಿಬಿದ್ದರೂ, ಮೊದಲಿದ್ದವನು ಯಾರೆಂದು ಆ ಬೆಳ್ಳಿ ಇನ್ನು ಹೇಳಲಾರದು. 1940ರ ಬಾಂಬ್ ದಾಳಿಯಲ್ಲಿ ಲಂಡನ್ನಿನ ಉಗ್ರಾಣಕ್ಕೆ ಬೆಂಕಿ ಬಿದ್ದು ಆ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಓವೆನ್‌ಗಾದರೆ ಕವಿತೆಗಳಿದ್ದವು, ಪತ್ರಗಳಿದ್ದವು.

ಈಗ ಪದಕ ಕಂಡರೆ ರಾಜನ ಮುಖ ನೋಡುವುದಿಲ್ಲ. ಅಂಚಿನ ಫೋಟೋ ಹಾಕಿದ್ದಾರಾ ಎಂದು ಹುಡುಕುತ್ತೇನೆ. ಬಹಳ ಸಲ ಹಾಕಿರುವುದಿಲ್ಲ.