ಭಾಷಣ ಫೋರ್ ಕೆ, ಡೊಳ್ಳು ನಾಪತ್ತೆ

ರಾಜ್ಯೋತ್ಸವದ ವಿಡಿಯೋ ಎಲ್ಲಿ ಅಂತ ಕ್ಯಾಂಟೀನಲ್ಲಿ ಸಿಕ್ಕವರೆಲ್ಲ ಕೇಳ್ತಾನೇ ಇದ್ದೀರಿ. ಇಷ್ಟು ದಿನ 'ಎಡಿಟಿಂಗ್ ನಡೀತಿದೆ' ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆವು. ಇವತ್ತು ನಿಜ ಹೇಳಿಬಿಡುತ್ತೇವೆ. ಮುಂದಿನ ವರ್ಷ ಕ್ಯಾಮೆರಾ ಹಿಡಿಯುವ ಜೂನಿಯರ್‌ಗಳಿಗಾದರೂ ಉಪಯೋಗವಾಗಲಿ.

ಈ ಸಲ ಕಾರ್ಯಕ್ರಮಕ್ಕೆ ಒಂದು ವಿಶೇಷ ಇತ್ತು. ನಮ್ಮ ವರ್ಕ್‌ಶಾಪಿನ ಅಣ್ಣ ಡಿಸೆಂಬರಿಗೆ ನಿವೃತ್ತರಾಗುವವರಿದ್ದರು. ಫೈಲಿಂಗ್ ಮಾಡುವಾಗ ಅರ ಹಿಡಿಯೋಕೂ ಬಾರದ ನಮ್ಮ ಕೈ ತಿದ್ದಿದವರು. ಅವರು ಹುಡುಗರಾಗಿದ್ದಾಗ ಊರಲ್ಲಿ ಡೊಳ್ಳು ಬಾರಿಸುತ್ತಿದ್ದರಂತೆ. ಕಾಡಿಬೇಡಿ ಒಪ್ಪಿಸಿದೆವು. 'ಮಗಳು ದೂರದಲ್ಲಿದ್ದಾಳೆ ಕಣ್ರಪ್ಪ, ಬರೋಕಾಗಲ್ಲ. ಒಂದು ವಿಡಿಯೋ ಮಾಡಿಕೊಡಿ' ಅಂದಿದ್ದರು, ಅಷ್ಟೇ.

ಅಷ್ಟಕ್ಕೆ ನಾವು ನಾಲ್ಕು ಜನ ದುಡ್ಡು ಹಾಕಿ 42 ಮೆಗಾಪಿಕ್ಸೆಲ್ ಕ್ಯಾಮೆರಾ ಬಾಡಿಗೆಗೆ ತಂದೆವು. ಆ 42 ಮೆಗಾಪಿಕ್ಸೆಲ್ ಎಲ್ಲ ಫೋಟೋಗೆ ಮಾತ್ರ. ವಿಡಿಯೋ ಫೋರ್ ಕೆಯಲ್ಲಿ ತೆಗೆದರೆ 3840 ಅಡ್ಡ, 2160 ಉದ್ದ, ಅಂದರೆ ಒಂದು ಫ್ರೇಮಿಗೆ ಸುಮಾರು 83 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು.

ಬೆಳಿಗ್ಗೆ ಟ್ರಯಲ್ ತೆಗೆದರೆ ಸ್ಟೇಜಿನ ಮೇಲೆಲ್ಲ ಕಪ್ಪು ಪಟ್ಟಿಗಳು ತೇಲುತ್ತಿದ್ದವು. ಕ್ಯಾಮೆರಾ ಕೆಟ್ಟಿದೆ ಅಂತ ಅಂಗಡಿಯವರಿಗೆ ಫೋನ್ ಮಾಡಲು ಹೊರಟಾಗ ನಮ್ಮಲ್ಲಿದ್ದ ಇ ಆ್ಯಂಡ್ ಇ ಹುಡುಗಿ ನಕ್ಕಳು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ, ಶಟರ್ ಮಾತ್ರ 1/60ರಲ್ಲಿತ್ತು. ಮೆನುವಿನಲ್ಲಿ ಎನ್‌ಟಿಎಸ್‌ಸಿ ತೆಗೆದು ಪಾಲ್ ಹಾಕಿ, 25 ಫ್ರೇಮ್, ಶಟರ್ 1/50 ಮಾಡಿದಳು. ಪಟ್ಟಿ ಮಾಯ! ನಮಗೋ ನಾವೇ ದೊಡ್ಡ ಸಿನಿಮಾಟೋಗ್ರಾಫರ್‌ಗಳು ಅನ್ನಿಸಿಬಿಟ್ಟಿತು.

ಆಮೇಲೆ ಫೋರ್ ಕೆಯೋ ಫುಲ್ ಎಚ್‌ಡಿಯೋ ಅಂತ ಜಗಳ. 'ಬಾಡಿಗೆ ಕೊಟ್ಟಿದ್ದೀವಿ, ಫೋರ್ ಕೆ ತೆಗೀದೆ ಬಿಡ್ತೀವಾ?' ಅನ್ನೋ ವಾದ ಗೆದ್ದಿತು. ಲೆಕ್ಕವನ್ನೂ ಮಾಡಿದೆವು. ಸೆಕೆಂಡಿಗೆ 100 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ಇದ್ದದ್ದು ಒಂದೇ ಕಾರ್ಡು, 64 ಜಿಬಿ. ಸುಮಾರು 85 ನಿಮಿಷ ಬರುತ್ತೆ. ನಿರೂಪಕರ ಪಟ್ಟಿಯಲ್ಲಿ ಕಾರ್ಯಕ್ರಮ 75 ನಿಮಿಷ. ಸಾಕಲ್ವಾ?

ಪಟ್ಟಿಯಲ್ಲಿ ಅತಿಥಿಗಳ ಭಾಷಣಕ್ಕೆ ಹತ್ತು ನಿಮಿಷ ಅಂತಿತ್ತು. ಅವರು ಕದಂಬರಿಂದ ಶುರು ಮಾಡಿದರು. 40 ನಿಮಿಷ ಆದರೂ ವಿಜಯನಗರ ದಾಟಲಿಲ್ಲ. ನಾವೂ ನಿಷ್ಠೆಯಿಂದ ರೆಕಾರ್ಡ್ ಮಾಡುತ್ತಲೇ ಇದ್ದೆವು. ಆ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ತಾನೇ ನಿಂತುಬಿಡುತ್ತೆ. ಅರ್ಧ ಗಂಟೆ ಮೀರಿ ರೆಕಾರ್ಡ್ ಮಾಡಿದರೆ ಯೂರೋಪಿನಲ್ಲಿ ಅದನ್ನು ವಿಡಿಯೋ ಕ್ಯಾಮೆರಾ ಅಂತ ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು, ಅದಕ್ಕೇ ಈ ಮಿತಿ. ಇದನ್ನು ಓದಿಕೊಂಡಿದ್ದ ನಾವು ಮತ್ತೆ ಮತ್ತೆ ಬಟನ್ ಒತ್ತಲು ಒಬ್ಬನನ್ನು ಕೂರಿಸಿದ್ದೆವು. ಎಂಥಾ ಪ್ಲಾನಿಂಗ್! ಪರದೆಯ ಮೂಲೆಯಲ್ಲಿ ಇಳಿಯುತ್ತಿದ್ದ ನಿಮಿಷಗಳನ್ನು ಮಾತ್ರ ಯಾರೂ ನೋಡಲಿಲ್ಲ.

ಕೊನೆಗೆ ಅಣ್ಣ ಡೊಳ್ಳು ಕಟ್ಟಿಕೊಂಡು ಬಂದರು. ಮೊದಲ ಪೆಟ್ಟಿಗೇ ಆಡಿಟೋರಿಯಂ ಎದ್ದು ನಿಂತಿತು. ಖಾಕಿ ಶರ್ಟಿನಲ್ಲಿ ಮಾತ್ರ ನೋಡಿದ್ದ ಮನುಷ್ಯ ಇವರೇನಾ ಅಂತ ನಾವು ಬಾಯಿ ಬಿಟ್ಟು ನೋಡುತ್ತಿದ್ದಾಗಲೇ ಕಾರ್ಡ್ ಫುಲ್. ಬೆಳಗಿನ ಟ್ರಯಲ್ ಕ್ಲಿಪ್‌ಗಳನ್ನು ನಡುಗುವ ಕೈಯಲ್ಲಿ ಹುಡುಕಿ ಅಳಿಸುವಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ಮುಗಿದಿತ್ತು. ಈಗ ನಮ್ಮ ಹತ್ತಿರ ಅತಿಥಿಗಳ ಮೀಸೆಯ ಒಂದೊಂದು ಕೂದಲೂ ಎಣಿಸಬಹುದಾದ ವಿಡಿಯೋ ಇದೆ. ಡೊಳ್ಳು ಒಂದೂವರೆ ನಿಮಿಷ ಇದೆ.

25 ಮೆಗಾಬಿಟ್‌ನ ಫುಲ್ ಎಚ್‌ಡಿ ಇಟ್ಟಿದ್ದರೆ ಅದೇ ಕಾರ್ಡಿನಲ್ಲಿ ಐದೂವರೆ ಗಂಟೆ ಹಿಡಿಯುತ್ತಿತ್ತು. ಅವರ ಮಗಳು ನೋಡುವುದೂ ಮೊಬೈಲಿನಲ್ಲೇ. ಆ ಪುಟ್ಟ ಪರದೆಗೆ ಅದು ಧಾರಾಳ ಸಾಕಿತ್ತು.

ಮರುದಿನ ವರ್ಕ್‌ಶಾಪಿಗೆ ಹೋಗಿ, ಲೇತ್ ಪಕ್ಕ ತಲೆ ತಗ್ಗಿಸಿ ನಿಂತು ತಪ್ಪೊಪ್ಪಿಕೊಂಡೆವು. ಅಣ್ಣ ಜೇಬಿನಿಂದ ಫೋನ್ ತೆಗೆದರು. ಫಸ್ಟ್ ಇಯರ್ ಹುಡುಗನೊಬ್ಬ ಹಿಂದಿನ ಸಾಲಿನಿಂದ ತೆಗೆದು ಕಳಿಸಿದ್ದ ವಿಡಿಯೋ. ಅಲುಗಾಡುತ್ತೆ, ಯಾರದೋ ತಲೆ ಅಡ್ಡ ಬರುತ್ತೆ, ಆದರೆ ಪೂರ್ತಿ ಇದೆ.

'ಮಗಳು ನಾಲ್ಕು ಸಲ ನೋಡಿದ್ಲಂತೆ' ಅಂದರು. ಆಮೇಲೆ ನಮ್ಮ ಮುಖ ನೋಡಿ, 'ಅಳತೆ ತಗೊಂಡಿದ್ರಿ, ಅಲೋಯನ್ಸ್ ಬಿಟ್ಟಿರಲಿಲ್ಲ. ಇಷ್ಟು ವರ್ಷ ಇದನ್ನೇ ಅಲ್ವಾ ನಾನು ಬಡ್ಕೊಂಡಿದ್ದು?' ಅಂತ ನಕ್ಕರು. ನಮಗೆ ನಗು ಬರಲಿಲ್ಲ.