ಕಲ್ಪವೃಕ್ಷ ಮತ್ತು ಅಮ್ಮನ ಅರಳಿಕಟ್ಟೆ

ಬರೆಯದೆ ತಿಂಗಳ ಮೇಲಾಯ್ತು. ಬೈಬೇಡಿ, ಡೆಡ್‌ಲೈನ್ ಅನ್ನೋ ಭೂತ ಬೆನ್ನು ಹತ್ತಿತ್ತು.

ಕಲ್ಪವೃಕ್ಷ ಅಂದ್ರೆ ತೆಂಗಿನಮರ. ಶಾಲೆಯ ಪ್ರಬಂಧದಲ್ಲಿ ಹಾಗೇ ಬರೆದಿದ್ದೆ, ಹಾಗೇ ನಂಬಿಕೊಂಡಿದ್ದೆ. ಕಳೆದ ವರ್ಷ ಆಫೀಸ್ ಕೆಲಸದ ಮೇಲೆ ಕೋಲ್ಕತ್ತಾಗೆ ಹೋದಾಗ ಇಂಡಿಯನ್ ಮ್ಯೂಸಿಯಂನಲ್ಲಿ ಬೇರೇನೇ ಕಂಡಿತು. ಭಾರ್ಹುತ್ ಸ್ತೂಪದ ಕಲ್ಲಿನ ಬೇಲಿ ಅಲ್ಲಿದೆ, ಕ್ರಿ.ಪೂ. 2ನೇ ಶತಮಾನದ್ದು. ಅದರ ಮೇಲಂಚಿನುದ್ದಕ್ಕೂ ಒಂದು ಬಳ್ಳಿ. ಅದರಲ್ಲಿ ಹಣ್ಣಿನ ಜೊತೆ ಒಡವೆ, ಬಟ್ಟೆ ಎಲ್ಲಾ ಬಿಟ್ಟಿವೆ. ಕಲ್ಪಲತೆ! ಬೆಸನಗರದಿಂದ ಬಂದ ಇನ್ನೊಂದು ಕಲ್ಲು ಆಲದಮರ, ಬಿಳಲುಗಳ ನಡುವೆ ಹಣದ ಚೀಲಗಳು. ಇದು ಸ್ತೂಪದ್ದಲ್ಲ, ಕುಬೇರನಿಗೆ ಸಂಬಂಧಿಸಿದ್ದು ಅಂತಾರೆ. ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದ ಕಲ್ಲುಗಳಲ್ಲೂ ಮರಕ್ಕೆ ಕೈಮುಗಿದವರಿದ್ದಾರೆ, ಆದರೆ ಅದು ಬೋಧಿವೃಕ್ಷ, ಬುದ್ಧನ ಗುರುತು.

ಆಸೆಯೇ ದುಃಖಕ್ಕೆ ಮೂಲ ಅಂದವನ ಸ್ತೂಪದ ಮೇಲೆ ಒಡವೆ ಬಿಡೋ ಬಳ್ಳಿ ಯಾಕೆ?

ನಂಗೆ ಅಮ್ಮ ನೆನಪಾದಳು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮಲ್ಲೇಶ್ವರದ ನಮ್ಮ ಬೀದಿಯ ಅರಳಿಕಟ್ಟೆಗೆ ದಿನಾ 48 ಸುತ್ತು ಬರ್ತಿದ್ಲು. "ಮರಕ್ಕೇನಮ್ಮ ಗೊತ್ತು ಕ್ರಿಯಾಟಿನಿನ್ನು?" ಅಂತ ನಕ್ಕಿದ್ದೆ. ಅಪ್ಪ ಉಳಿಯಲಿಲ್ಲ. ಅಮ್ಮ ಸುತ್ತೋದು ಬಿಡಲಿಲ್ಲ. ಯಾಕೆ ಅಂತ ನಾನು ಕೇಳಲೂ ಇಲ್ಲ.

ಈ ಸಲ ಬುದ್ಧಪೂರ್ಣಿಮೆಗೆ ಅವಳನ್ನು ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ಕರ್ಕೊಂಡು ಹೋಗಿದ್ದೆ. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಶುರುಮಾಡಿದ ಜಾಗ. ಅಲ್ಲಿ ಕೂತು ಸುಜಾತೆಯ ಕಥೆ ಹೇಳಿದೆ. ಒಳ್ಳೆ ಗಂಡ, ಗಂಡುಮಗು ಬೇಕು ಅಂತ ಆಲದಮರಕ್ಕೆ ಹರಕೆ ಹೊತ್ತವಳು. ಹರಕೆ ಫಲಿಸಿ ಪಾಯಸ ತಂದರೆ, ಮರದಡಿ ಸಿದ್ಧಾರ್ಥ ಕೂತಿದ್ದಾನೆ. ಮರದ ದೇವರೇ ಅಂದ್ಕೊಂಡು ಕೊಟ್ಟಳು. ಅದನ್ನು ಉಂಡು ಅವನು ಬೋಧಿವೃಕ್ಷದ ಕಡೆ ಹೋದ. ಅಂದ್ರೆ ಬುದ್ಧನ ಜ್ಞಾನೋದಯದ ಹಿಂದಿನ ಊಟ ಹೆಂಗಸೊಬ್ಬಳ ಹರಕೆಯ ಪಾಯಸ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅವಳಿಗೆ ಫಲಿಸ್ತು ಬಿಡು. ನಾನೀಗ ಏನೂ ಕೇಳಲ್ಲ ಕಣೋ. ಮನೇಲಿ ಅತ್ರೆ ನಿಂಗೆ ಬೇಜಾರಾಗತ್ತೆ. ಅಲ್ಲಾದ್ರೆ ಯಾರೂ ಕೇಳಲ್ಲ" ಅಂದಳು.

ನಂಗೆ ಮಾತೇ ಹೊರಡಲಿಲ್ಲ. ಕ್ರಿಯಾಟಿನಿನ್ ಅಂತ ನಕ್ಕಿದ್ದು ನೆನಪಾಗಿ ನಾಚಿಕೆಯಾಯ್ತು.

ಮೊನ್ನೆ ಶನಿವಾರ ನಾನೂ ಕಟ್ಟೆಗೆ ಹೋದೆ. ಅಮ್ಮನಿಗೀಗ ಮಂಡಿನೋವು, 9 ಸುತ್ತಿಗೆ ನಿಲ್ಲಿಸ್ತಾಳೆ. ಅವಳ ಹಿಂದೆ ಚಪ್ಪಲಿ ಬಿಟ್ಟು ನಡೆದೆ. ಏನೂ ಕೇಳಿಕೊಳ್ಳಲಿಲ್ಲ.

ನಿಮ್ಮ ಬೀದೀಲೂ ಇಂಥ ಕಟ್ಟೆ ಇದ್ಯಾ? ಯಾರು ಸುತ್ತುತ್ತಾರೆ? ಬರೀರಿ.